ಅಜ್ಜಿಯ ಹಜಾರದಲ್ಲಿ ಬಣ್ಣದ ಗಂಟೆಗಳು

ನಾನು ಮೂರನೇ ತರಗತಿಯಲ್ಲಿದ್ದ ವರ್ಷ, ವಿಜಯದಶಮಿಯ ಬೆಳಿಗ್ಗೆ, ಚೆನ್ನೈಯ ಪುರಸೈವಾಕ್ಕಂನ ನಮ್ಮ ಮನೆಯ ಹಜಾರದಲ್ಲಿ ಎಂಟು ಮಕ್ಕಳು ಬಣ್ಣದ ಕೈಗಂಟೆಗಳನ್ನು ಹಿಡಿದು ಬಂಧುಗಳ ಮತ್ತು ನೆರೆಯವರ ಎದುರು ನುಡಿಸಿದರು. ಕೇಳಲು ಸಾಲಾಗಿ ಕುಳಿತಿದ್ದವರಲ್ಲಿ ಅಜ್ಜಿ ಒಬ್ಬಳೇ ಮಧ್ಯದಲ್ಲಿ ಎದ್ದು ಒಳಗೆ ಹೋದಳು. ನನ್ನ ಅಪ್ಪನ ತಾಯಿಯಾದ ಅವಳು ಅದುವರೆಗೆ ಯಾವ ಸಾಲಿನಿಂದಲೂ, ಅದು ಊಟದ್ದಿರಲಿ ಭಜನೆಯದ್ದಿರಲಿ, ಉಳಿದವರಿಗಿಂತ ಮೊದಲು ಎದ್ದವಳಲ್ಲ. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿ, ಅವಳು ನಡೆಸುತ್ತಿದ್ದ ಗಂಟೆಯ ತರಗತಿ ಅಂದಿಗೆ ಮುಗಿಯಿತು ಎಂದು ನಾನು ತಿಳಿದೆ.

ನಮ್ಮ ಮನೆ ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಬೆಳಗಿನ ಮೊದಲ ದೋಸೆ ಕಾವಲಿಗೆ ಬಿದ್ದರೆ ಮೇಲೆ ನಮ್ಮ ಮೂಗಿಗೆ ತಿಳಿಯುತ್ತಿತ್ತು. ಮಧ್ಯಾಹ್ನ ಸಾಂಬಾರಿನ ಆವಿ, ಸಂಜೆ ಬಟ್ಟೆ ಅಂಗಡಿಗಳ ಗದ್ದಲ. ಇರುವುದು ಒಂದು ಹಜಾರ, ಎರಡು ಕೋಣೆ, ಉದ್ದನೆಯ ಅಡಿಗೆಮನೆ. ಕೋಣೆಗಳು ಚಿಕ್ಕವು, ಹಜಾರ ಮಾತ್ರ ಛತ್ರದಷ್ಟು ದೊಡ್ಡದು, ಮತ್ತು ಅದು ಅಜ್ಜಿಯದು. ಹಾಗೆಂದು ಯಾರೂ ಎಲ್ಲೂ ಬರೆದುಕೊಟ್ಟಿರಲಿಲ್ಲ. ಆದರೆ ಬೆಳಕು ಹರಿಯುವ ಮೊದಲೇ ಅವಳು ಅಲ್ಲಿ ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತ ದೇವರನಾಮ ಹಾಡಲು ಕೂರುತ್ತಿದ್ದಳು. ಶುಕ್ರವಾರ ಸಂಜೆ ಹೋಟೆಲಿನವರ ಮನೆಯ ಹೆಂಗಸರು ಅಲ್ಲಿಯೇ ಭಜನೆಗೆ ಸೇರುತ್ತಿದ್ದರು. ಯಾರಾದರೂ ಅರೆಕಾಲು ಸ್ವರ ಜಾರಿದರೆ ಅಜ್ಜಿ ಹಾಡು ನಿಲ್ಲಿಸುತ್ತಿರಲಿಲ್ಲ, ಅವರ ಕಡೆಗೆ ತಲೆ ಮಾತ್ರ ತಿರುಗಿಸುತ್ತಿದ್ದಳು. ಜಾರಿದವರಿಗೆ ಅಷ್ಟು ಸಾಕಾಗುತ್ತಿತ್ತು. ಅಜ್ಜಿ ಕುಂದಾಪುರದ ಕಡೆಯವಳು, ಅಮ್ಮ ಮೈಸೂರಿನವಳು, ಅಪ್ಪ ಎರಡು ಮಾತಿನ ನಡುವೆ ತಮಿಳು ಸೇರಿಸಿಕೊಂಡು ಬದುಕಿದವನು. ಒಂದೇ ಮನೆಯಲ್ಲಿ ಮೂರು ಬಗೆಯ ಕನ್ನಡ ಕೇಳಿ ಬೆಳೆದ ನನಗೆ, ಯಾರು ಏನು ಹೇಳಿದರು ಎನ್ನುವಷ್ಟೇ ಹೇಗೆ ಹೇಳಿದರು ಎನ್ನುವುದೂ ನೆನಪಿನಲ್ಲಿ ಉಳಿದಿದೆ.

ಅಮ್ಮ ಎರಡು ಬೀದಿ ಆಚೆಯ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಆ ಬೇಸಿಗೆಯಲ್ಲಿ ಶಾಲೆ ಮುಚ್ಚಿತು. ನಡೆಸುತ್ತಿದ್ದ ಹೆಂಗಸು ಮಗಳ ಮನೆಗೆ ಹೊರಡುವಾಗ ಕುರ್ಚಿ ಬೆಂಚುಗಳನ್ನು ಮಾರಿ, ಯಾರೂ ಕೇಳದ ಒಂದು ಪೆಟ್ಟಿಗೆಯನ್ನು ಅಮ್ಮನ ಕೈಗೆ ಕೊಟ್ಟಳು. ಒಳಗೆ ಎಂಟು ಕೈಗಂಟೆಗಳು, ಒಂದು ವಿದೇಶಿ ಹಾಡಿನ ಪುಸ್ತಕ. ದೊಡ್ಡ ಕೆಂಪು ಗಂಟೆ ಷಡ್ಜ. ಅಲ್ಲಿಂದ ಕಿತ್ತಳೆ, ಹಳದಿ, ಹಸಿರು, ತಿಳಿನೀಲಿ, ಕಡುನೀಲಿ, ನೇರಳೆ, ಕೊನೆಗೆ ಮೇಲಿನ ಷಡ್ಜಕ್ಕೆ ಒಂದು ಪುಟ್ಟ ಕೆಂಪು. ಪುಸ್ತಕದಲ್ಲಿ ಸ್ವರದ ಹೆಸರಿರಲಿಲ್ಲ. ಪ್ರತಿ ಪದದ ಮೇಲೂ ಒಂದು ಬಣ್ಣದ ಬೊಟ್ಟು. ಅಕ್ಷರ ಬಾರದ ಮಗುವೂ ಬೊಟ್ಟು ನೋಡಿ ತನ್ನ ಗಂಟೆ ಅಲ್ಲಾಡಿಸಬಹುದು. ಕೆಲಸ ಹೋದ ದುಃಖವನ್ನು ಅಮ್ಮ ಯಾರೊಡನೆಯೂ ಹೇಳಿಕೊಳ್ಳಲಿಲ್ಲ. ಮುಂದಿನ ವಾರವೇ ಹೋಟೆಲಿನವರ ಮತ್ತು ಎದುರು ಸಾಲಿನ ಮನೆಗಳ ಮಕ್ಕಳನ್ನು ಸೇರಿಸಿ ತಾರಸಿಯ ಮೇಲೆ ತರಗತಿ ಆರಂಭಿಸಿದಳು. ತಾರಸಿಗೆ ನಮ್ಮ ಮನೆಯಲ್ಲೂ ತಮಿಳಿನ 'ಮೊಟ್ಟೈಮಾಡಿ' ಎಂದೇ ಹೆಸರು. ಮಕ್ಕಳು ಅಮ್ಮನಿಗೆ 'ಮಣಿ ಆಂಟಿ' ಎಂದು ಹೆಸರಿಟ್ಟರು. ಮಣಿ ಎಂದರೆ ಅವರ ಮಾತಿನಲ್ಲಿ ಗಂಟೆ.

ಬೇಸಿಗೆಯ ಸಂಜೆಗೆ ಮೊಟ್ಟೈಮಾಡಿ ಸಾಕಾಗಿತ್ತು. ಆದರೆ ಚೆನ್ನೈಯಲ್ಲಿ ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳು ಬಂದರೆ ಮಳೆ ಹಿಡಿಯುತ್ತದೆ, ಆಮೇಲೆ ಒಣಗಲು ಹಾಕಿದ ಬಟ್ಟೆಗೂ ಅಲ್ಲಿ ಜಾಗವಿಲ್ಲ. ತರಗತಿ ಉಳಿಯಬೇಕಾದರೆ ಹಜಾರ ಬೇಕು. ಅಮ್ಮ ಅದನ್ನು ಕೇಳಿದ್ದು ಊಟದ ಹೊತ್ತಿನಲ್ಲಿ. ಅಜ್ಜಿ ಮಜ್ಜಿಗೆ ಅನ್ನಕ್ಕೆ ಬಂದಿದ್ದಳು.

"ಹಜಾರದಂಗೆ ಗಂಟಿ ಬಾರ್ಸುದಾ? ಅದ್ ದೇವಸ್ಥಾನದ ಗಂಟಿಯೂ ಅಲ್ಲ, ಐಸ್‌ಕ್ಯಾಂಡಿ ಗಾಡಿ ಗಂಟಿಯೂ ಅಲ್ಲ. ಎಂತ ಮಾರಾಯ್ತಿ ಅದ್?"

"ಸಂಗೀತ ಅತ್ತೆ. ಚಿಕ್ಕ ಮಕ್ಕಳಿಗೆ ಮೊದಲ ಮೆಟ್ಟಿಲು."

"ಮೊದಲ ಮೆಟ್ಲ್ ಮಾಯಾಮಾಳವಗೌಳ ರಾಗ. ನಿನ್ನ್ ಗಂಟಿ ಹೇಳುದ್ ಶಂಕರಾಭರಣ. ಅದೂ ಹೋಗ್ಲಿ. ಮಕ್ಳ್ ಕಾಂಬುದ್ ಬಣ್ಣ. ಕಣ್ಣಂಗೆ ಕಲ್ತದ್ದ್ ಕಿವಿಗೆ ಇಳೂದಿಲ್ಲೆ. ಬಣ್ಣ ತೆಗ್ದ್ರೆ ಆ ಮಕ್ಳ್ ಎಂತ ಮಾಡ್ತ್ರ್?"

ಅಮ್ಮ ಅಜ್ಜಿಯ ತಟ್ಟೆಗೆ ಮಜ್ಜಿಗೆ ಬಡಿಸಿದಳು. ಪ್ರಶ್ನೆ ಸರಿಯಾಗಿತ್ತು ಎಂದು ಅವಳೇ ನನಗೆ ನಂತರ ಹೇಳಿದ್ದಾಳೆ. ಮಕ್ಕಳು ಪುಸ್ತಕ ತೆರೆದಿದ್ದರೆ ಹಾಡು ನುಡಿಸುತ್ತಿದ್ದರು, ಮುಚ್ಚಿದರೆ ಮುಖ ಮುಖ ನೋಡುತ್ತಿದ್ದರು. ಅಜ್ಜಿ ಕೈ ತೊಳೆದು ಬಂದು ತೀರ್ಪು ಹೇಳಿದಳು.

"ವಿಜಯದಶಮಿ ದಿನ ಗಂಟಿ ಕೆಳಗಿಟ್ಟ್, ನನ್ನ್ ಶ್ರುತಿಗೆ ಎಂಟೂ ಮಕ್ಳ್ ಹಾಡ್ಕ್. ಹಾಡ್ರೆ ಹಜಾರ ನಿಂಗೆ. ಇಲ್ದಿದ್ರೆ ಗಂಟಿ ಅಟ್ಟಕ್ಕೆ."

"ಆಗ್ಲಿ ಅತ್ತೆ," ಎಂದಳು ಅಮ್ಮ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ವಿದೇಶಿ ಪುಸ್ತಕದ ಹಾಡುಗಳಲ್ಲಿ ಹಿಮವಿತ್ತು, ಜಾರುಬಂಡಿಯಿತ್ತು, ಬೆಂಕಿಗೂಡಿನ ಮುಂದೆ ಮಲಗಿದ ಬೆಕ್ಕಿತ್ತು. ಪುರಸೈವಾಕ್ಕಂನ ಮಕ್ಕಳು ಅವನ್ನು ಬಾಯಿಪಾಠ ಮಾಡಿದರೂ ಅವು ನಾಲಿಗೆಯಿಂದ ಒಳಗೆ ಇಳಿಯಲಿಲ್ಲ. ಅಮ್ಮ ಪುಸ್ತಕವನ್ನು ಬದಿಗಿಟ್ಟು ತನ್ನದೇ ಒಂದನ್ನು ಮಾಡತೊಡಗಿದಳು. ಡ್ರಾಯಿಂಗ್ ಹಾಳೆ ಮಡಿಸಿ ಹೊಲಿದಳು, ಬಣ್ಣದ ಕಾಗದವನ್ನು ಗುಂಡಗೆ ಕತ್ತರಿಸಿ ಅಂಟಿಸಿದಳು. ಅಂಟಿಗೆ ಹೋಟೆಲಿನ ಮೈದಾ ಗಂಜಿ. ಆದರೆ ಹಾಡು ಬದಲಾದರೂ ಇನ್ನೊಂದು ತೊಂದರೆ ಉಳಿಯಿತು. ಒಂದು ಮಗುವಿನ ಕೈಯಲ್ಲಿ ಒಂದೇ ಸ್ವರ. ಹಾಡು ಆಗಬೇಕಾದರೆ ತನ್ನ ಸರದಿಗೆ ಕಾಯಬೇಕು. ಎಂಟು ವರ್ಷದೊಳಗಿನ ಎಂಟು ಮಕ್ಕಳು ಕಾಯುವುದಿಲ್ಲ. ಎದುರು ಮನೆಯ ಟೈಲರ್ ಮಗಳು ಕಯಲ್, ಆರು ವರ್ಷದವಳು, ದೊಡ್ಡ ಕೆಂಪು ಗಂಟೆ ಸಿಕ್ಕಿದ ಹೆಮ್ಮೆಯಲ್ಲಿ ನಿಲ್ಲಿಸದೆ ಬಾರಿಸುತ್ತಿದ್ದಳು. ಹೋಟೆಲಿನ ಅಡಿಗೆಯವರ ಮಗ ರಾಘು, ಹಸಿರು ಗಂಟೆಯವನು, ತನ್ನ ಸರದಿ ಬಂದಾಗ ಕೆಳಗೆ ರಸ್ತೆಯ ಬಸ್ಸು ನೋಡುತ್ತಿದ್ದ.

"ಆಂಟಿ, ಎನಕ್ಕು ಮಂಜ ಮಣಿ ವೇಣುಂ!" ಎಂದು ಹಳದಿಗೆ ಒಬ್ಬ ಅಳುತ್ತಿದ್ದ.

"ಹಳದಿ ನಾಳೆ ಕೊಡ್ತೀನಿ ಕಣೋ. ಇವತ್ತು ನೀನು ನೀಲಿ."

"ನೀಲ ಮಣಿ ಸತ್ತಮೇ ವರಲೆ!" ನೀಲಿಗೆ ಸದ್ದೇ ಇಲ್ಲವೆಂದು ಅವನ ದೂರು. ಅಲ್ಲಾಡಿಸಿದರೆ ತಾನೇ ಸದ್ದು.

ದಾರಿ ತೋರಿಸಿದ್ದು ಅಪ್ಪ, ತಾನು ತೋರಿಸುತ್ತಿದ್ದೇನೆ ಎಂದು ಗೊತ್ತಿಲ್ಲದೆ. ಊರಿನವರ ಮದುವೆ, ಉಪನಯನಗಳಲ್ಲಿ ಬಡಿಸುವವರ ತಂಡವನ್ನು ಅವನೇ ನಡೆಸುತ್ತಿದ್ದ. ಒಬ್ಬನ ಕೈಯಲ್ಲಿ ಒಂದೇ ಪದಾರ್ಥ. ಉಪ್ಪಿನವನು ಮುಂದೆ, ಅವನ ಹಿಂದೆ ಉಪ್ಪಿನಕಾಯಿ, ಹಿಂದೆ ಚಟ್ನಿ. ಎಲೆಯ ಮೇಲೆ ಪ್ರತಿಯೊಂದಕ್ಕೂ ಜಾಗ ನಿಗದಿ, ಬರುವ ಕ್ರಮವೂ ನಿಗದಿ. ಕೊನೆಗೆ ತೊವ್ವೆಯ ಮೇಲೆ ತುಪ್ಪ ಬೀಳುವವರೆಗೆ ಪಂಕ್ತಿಯಲ್ಲಿ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಒಂದು ಭಾನುವಾರ ಮೊಟ್ಟೈಮಾಡಿಗೆ ಬಂದ ಅಪ್ಪ ಮಕ್ಕಳ ಗಲಾಟೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ರಾಘುವಿನ ಹಿಂದೆ ನಿಂತು ಅವನ ಭುಜ ಹಿಡಿದ.

"ಡೇಯ್, ಉನ್ ಮಣಿಯ ಪಾಕ್ಕಾದೇ, ನಿನ್ನ ಗಂಟೆ ನೋಡ್ಬೇಡ. ನಿನ್ನ ಪಾತ್ರೆ ಎಲ್ಲಿಗೂ ಓಡಿಹೋಗುದಿಲ್ಲ. ಮುಂದೆ ಇದ್ದವನ ಕೈ ನೋಡು. ಅವ ಚಟ್ನಿ ಹಾಕಿ ಕೈ ಎತ್ತಿದ ಅಂದ್ರೆ ನೀನು ಕೋಸಂಬರಿ."

ರಾಘು ತಂದೆಯ ಜೊತೆ ಮದುವೆಗಳಿಗೆ ಹೋದವನು. ಅವನಿಗೆ ಕೂಡಲೇ ತಿಳಿಯಿತು. ಹಳದಿ ಗಂಟೆ ಏರಿತು, ಇಳಿಯಿತು. ಹಸಿರು ತನ್ನ ಹೊತ್ತಿಗೆ ಬಂತು. ಅಮ್ಮ ಅಂದು ಸಂಜೆಯೇ ಹೊಸ ಹಾಡು ಕಟ್ಟಿದಳು. ಮೊದಲ ಸಾಲು ಏರುವ ಎಂಟು ಸ್ವರ, ಒಂದೊಂದಕ್ಕೆ ಒಂದು ಪದಾರ್ಥ.

ಉಪ್ಪು, ಕಾಯಿ, ಚಟ್ನಿ, ಕೋಸು,
ಪಲ್ಯ, ಅನ್ನ, ತೊವ್ವೆ, ತುಪ್ಪ.

ಕೋಸಂಬರಿ ಎರಡಕ್ಷರದಲ್ಲಿ ಹಿಡಿಸದೆ ಕೋಸಾಯಿತು. ಅಡಿಗೆಮನೆಯಿಂದ ಕೇಳಿಸಿಕೊಂಡ ಅಜ್ಜಿ ಬಿಡಲಿಲ್ಲ.

"ಕೋಸಂಬರಿಗೆ ಎಲೆಕೋಸ್ ಹಾಕ್ತ್ರಾ ನಿಮ್ಮ್ ಮೈಸೂರಂಗೆ?"

"ಹಾಕ್ತೀವಿ ಅತ್ತೆ, ಹೆಸರುಬೇಳೆ ಸಿಗದಿದ್ರೆ."

ಅಮ್ಮ ಅಜ್ಜಿಗೆ ತಿರುಗಿ ಹೇಳಿದ ಮೊದಲ ಮಾತು ಅದು. ಅಪ್ಪ ನಕ್ಕು, ಕೂಡಲೇ ಕೆಮ್ಮಿ ಮರೆಸಿದ.

ನನಗೆ ಅಮ್ಮ ಕೊಟ್ಟದ್ದು ಪುಟ್ಟ ಕೆಂಪು ಗಂಟೆ. ನಾನು ತುಪ್ಪ. ಸಾಲಿನಲ್ಲಿ ಒಂದೇ ಬಾರಿ, ಕೊನೆಯಲ್ಲಿ. ಮಗಳಿಗೆ ಹೆಚ್ಚು ಕೊಟ್ಟಳು ಎಂದು ಯಾರೂ ಹೇಳಬಾರದು ಎಂದಿರಬೇಕು. ನಾನು ಗೊಣಗಿದೆ. ಅವಳು ಹೇಳಿದಳು:

"ಏಳು ಜನ ಮುಗಿಸೋವರೆಗೆ ಕೇಳೋದೇ ನಿನ್ನ ಕೆಲಸ. ಬಾರಿಸೋದು ಆಮೇಲೆ."

ನಂತರ ನಾನು ಪತ್ರಿಕೆಯ ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳಿಕೊಟ್ಟ ಪಾಠ ಇದಕ್ಕಿಂತ ಬೇರೆಯಾಗಿರಲಿಲ್ಲ. ಮಾತು ಮುಗಿಯುವವರೆಗೆ ಕೇಳು, ಬರೆಯುವುದು ಆಮೇಲೆ. ನನಗೆ ಅದು ಹೊಸದೆನಿಸಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅಮ್ಮ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದಳು. ಮೊದಲು ಪುಸ್ತಕ ಮುಚ್ಚಿಸಿದಳು, ಪದಾರ್ಥದ ಹೆಸರು ಮಾತ್ರ ಉಳಿಯಿತು. ಆಮೇಲೆ ಗಂಟೆಗಳಿಗೆ ಹಳೆಯ ಸೀರೆಯ ತುಂಡಿನ ಚೀಲ ತೊಡಿಸಿದಳು. ಮಕ್ಕಳು ಅಲ್ಲಾಡಿಸಿ, ಕೇಳಿ, ತಮ್ಮದನ್ನು ಹುಡುಕಿಕೊಳ್ಳಬೇಕು. ಮೊದಮೊದಲು ಉಪ್ಪಿನವಳು ಪಲ್ಯ ಹಿಡಿದಳು, ಅನ್ನದವನು ಚಟ್ನಿ. ಜಗಳವಾಯಿತು, ಕೂದಲು ಎಳೆದದ್ದೂ ಆಯಿತು. ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಮುಗಿಯುವ ಹೊತ್ತಿಗೆ ಕಯಲ್ ಕಣ್ಣು ಮುಚ್ಚಿ ತನ್ನ ಗಂಟೆಯನ್ನು ಹೆಕ್ಕುತ್ತಿದ್ದಳು. ಬಣ್ಣ ತೆಗೆದರೆ ಮಕ್ಕಳು ಏನು ಮಾಡುತ್ತಾರೆ ಎಂಬ ಅಜ್ಜಿಯ ಪ್ರಶ್ನೆಯನ್ನು ಅಮ್ಮ ತನ್ನ ಪಾಠದ ಕ್ರಮವಾಗಿ ಮಾಡಿಕೊಂಡಿದ್ದಳು. ಸಂಗೀತ ಶಿಕ್ಷಣದ ಬಗ್ಗೆ ಅವಳು ಯಾವ ತರಬೇತಿಯನ್ನೂ ಪಡೆದವಳಲ್ಲ. ನಾನು ಇಂದಿಗೂ ಇದನ್ನು ಹೆಮ್ಮೆಯಿಂದಲೇ ದಾಖಲಿಸುತ್ತೇನೆ. ಉಳಿದದ್ದು ಒಂದೇ ಹೆಜ್ಜೆ, ಗಂಟೆಯೇ ಇಲ್ಲದೆ ಹಾಡುವುದು. ಅದು ಮಾತ್ರ ಎಲ್ಲರಿಗೂ ಇನ್ನೂ ಬಂದಿರಲಿಲ್ಲ. ಅಮ್ಮನಿಗೆ ಅದು ಗೊತ್ತಿತ್ತು.

ನವರಾತ್ರಿಗೆ ಅಮ್ಮ ಮೈಸೂರಿನ ರೂಢಿಯಂತೆ ಹಜಾರದಲ್ಲಿ ಗೊಂಬೆ ಕೂರಿಸುತ್ತಿದ್ದಳು. ಕರಾವಳಿಯವಳಾದ ಅಜ್ಜಿ ಅದನ್ನು 'ನಿನ್ನ್ ಅಂಗಡಿ' ಎನ್ನುತ್ತಿದ್ದಳು, ಆದರೆ ಉಸಲಿ ಮಾತ್ರ ತಾನೇ ಒಗ್ಗರಿಸುತ್ತಿದ್ದಳು. ವಿಜಯದಶಮಿಯ ಬೆಳಿಗ್ಗೆ ಗೊಂಬೆಯ ಮೆಟ್ಟಿಲು ಒಂದು ಬದಿಯನ್ನು ತುಂಬಿದ್ದರಿಂದ ಬಂದವರು ಇನ್ನೊಂದು ಬದಿಯ ಗೋಡೆಗುಂಟ ಉದ್ದ ಚಾಪೆಯ ಮೇಲೆ ಸಾಲಾಗಿ ಚಕ್ಕಳಬಕ್ಕಳ ಹಾಕಿ ಕೂರಬೇಕಾಯಿತು. ಮೊದಲಲ್ಲಿ ಹೋಟೆಲಿನ ಮಾಲೀಕರು, ನಡುವೆ ಮಕ್ಕಳ ತಂದೆತಾಯಂದಿರು, ಕಯಲಳ ಪಾಟ್ಟಿ, ಅಂದರೆ ಅವಳ ಅಜ್ಜಿ, ಕೊನೆಯಲ್ಲಿ ಕೋಣೆಯ ಬಾಗಿಲ ಪಕ್ಕ ನಮ್ಮ ಅಜ್ಜಿ. ಅಮ್ಮನ ಏರ್ಪಾಡು ಸರಳವಾಗಿತ್ತು. ಮಕ್ಕಳು ಗೊಂಬೆಗಳ ಮುಂದೆ ನಿಂತು ಒಮ್ಮೆ ನುಡಿಸಬೇಕು, ಗಂಟೆ ಕೆಳಗಿಡಬೇಕು, ಹಾಡಬೇಕು. ಅವಳು ಕೈ ಎತ್ತಿ ಆರಂಭಿಸಲು ಸನ್ನೆ ಮಾಡಿದಳು.

ಕಯಲ್ ನಿಂತಲ್ಲಿ ನಿಲ್ಲಲಿಲ್ಲ. ಅವಳ ಎದುರಿಗೆ ಒಂದು ಪಂಕ್ತಿ ಕುಳಿತಿತ್ತು. ಬೇಸಿಗೆಯಿಂದ ಅವಳು ಕಲಿತದ್ದು ತಾನು ಉಪ್ಪು ಎಂಬುದನ್ನು. ಉಪ್ಪು ನಿಂತಲ್ಲಿ ನಿಲ್ಲುವುದಿಲ್ಲ. ಅವಳು ನೇರ ಮಾಲೀಕರ ಮುಂದೆ ಹೋಗಿ, ಬಗ್ಗಿ, ಒಮ್ಮೆ ಗಂಟೆ ಬಾರಿಸಿದಳು.

"ಉಪ್ಪು."

ಮುಂದಿನವರ ಮುಂದೆ ಬಗ್ಗಿದಳು. "ಉಪ್ಪು." ಕಿತ್ತಳೆಯವನು ಅಮ್ಮನನ್ನು ನೋಡಿದ, ಕಯಲಳನ್ನು ನೋಡಿದ, ಮುಂದಿದ್ದವಳ ಕೈ ನೋಡಬೇಕೆಂದು ಅಪ್ಪ ಹೇಳಿದ್ದು ನೆನಪಾಗಿರಬೇಕು, ಅವಳ ಹಿಂದೆ ಹೊರಟ. ಅವನ ಹಿಂದೆ ಚಟ್ನಿ, ಕೋಸು, ಪಲ್ಯ. ಎಂಟು ಗಂಟೆಗಳೂ ಸಾಲಿನ ಬೇರೆ ಬೇರೆ ಕಡೆ ಒಟ್ಟಿಗೆ ಮೊಳಗಿದವು. ಹಾಡು ಎಲ್ಲಿಯೂ ಇರಲಿಲ್ಲ. ಆದರೆ ಕುಳಿತ ಒಬ್ಬೊಬ್ಬರಿಗೂ ಎಂಟೂ ಸ್ವರ ಕ್ರಮ ತಪ್ಪದೆ ಬಂದು ಬಿದ್ದವು. ಮಾಲೀಕರು ಗಂಭೀರವಾಗಿ ಬೆನ್ನು ನೇರ ಮಾಡಿ ಕುಳಿತರು. ಕಯಲಳ ಪಾಟ್ಟಿ ಅನ್ನದವನ ಎದುರು ಎರಡೂ ಅಂಗೈ ಚಾಚಿ, ಸಾಕೆಂದು ಇಲ್ಲದ ಎಲೆಯನ್ನು ಮುಚ್ಚಿದಳು.

"ಪೋದುಂ ಕಣ್ಣಾ, ಪೋದುಂ! ಶುಗರ್ ಇರುಕ್ಕು!"

ಸಾಲೆಲ್ಲ ನಕ್ಕಿತು. ಅಮ್ಮ ಎತ್ತಿದ ಕೈ ಇಳಿಸಿದಳು, ತಡೆಯಲಿಲ್ಲ. ಅಪ್ಪ ಮಾತ್ರ ನಗಲಿಲ್ಲ. ಬಡಿಸುವವರ ನಡುವಿನ ಅಂತರವನ್ನು ಅವನು ಕೆಲಸದ ಕಣ್ಣಿನಿಂದ ನೋಡುತ್ತಿದ್ದ. ನಾನು ಕೊನೆಯವಳಾಗಿ ಪ್ರತಿಯೊಬ್ಬರ ಮುಂದೆ ಬಗ್ಗಿ ಪುಟ್ಟ ಗಂಟೆ ಬಾರಿಸುತ್ತ ಬಂದೆ. ಕೊನೆಗೆ ಅಜ್ಜಿಯ ಮುಂದೆ ನಿಂತೆ. "ತುಪ್ಪ" ಎಂದೆ. ಅಜ್ಜಿ ನನ್ನನ್ನು ನೋಡಿದಳು, ನೆಲಕ್ಕೆ ಕೈ ಊರಿದಳು, ಎದ್ದು ಕೋಣೆಯೊಳಗೆ ಹೋದಳು.

ಪಂಕ್ತಿಯಲ್ಲಿ ಉಳಿದವರು ಕುಳಿತಿರುವಾಗ ಒಬ್ಬರು ಎದ್ದರೆ ಅದಕ್ಕೆ ನಮ್ಮವರಲ್ಲಿ ಒಂದೇ ಅರ್ಥ, ಬಡಿಸಿದ್ದು ಒಪ್ಪಿಗೆಯಾಗಲಿಲ್ಲ ಎಂದು. ನಗು ನಿಂತಿತು. ಮಾಲೀಕರು ಅಪ್ಪನ ಮುಖ ನೋಡಿದರು. ಅಮ್ಮ ಗೋಡೆಗೆ ಒರಗಿದ್ದು ಆಗ.

ಅಜ್ಜಿ ಹೊರಗೆ ಬಂದಾಗ ಅವಳ ಕೈಯಲ್ಲಿ ಶ್ರುತಿಪೆಟ್ಟಿಗೆಯಿತ್ತು. ತನ್ನ ಜಾಗದಲ್ಲೇ ಕುಳಿತಳು.

"ಕಯಲೂ, ಬಾ ಇಲ್ಲಿ. ನಿನ್ನ್ ಗಂಟಿ ಮತ್ತೊಂದ್ಸಲ ಬಾರ್ಸ್."

ಕಯಲ್ ಬಾರಿಸಿದಳು. ಅಜ್ಜಿ ತಲೆ ವಾಲಿಸಿ ಕೇಳಿದಳು, ಪೆಟ್ಟಿಗೆಯ ಕೀಲಿಗಳನ್ನು ಬದಲಿಸಿದಳು, ತಿದಿ ಒತ್ತಿದಳು. ಸೇರಲಿಲ್ಲ. ಮತ್ತೆ ಬಾರಿಸಲು ಹೇಳಿದಳು, ಮತ್ತೆ ಬದಲಿಸಿದಳು. ಮೂವತ್ತು ವರ್ಷ ಒಂದೇ ಶ್ರುತಿಯಲ್ಲಿ ಹಾಡಿದವಳು ಪೆಟ್ಟಿಗೆಯನ್ನು ಆರು ವರ್ಷದ ಹುಡುಗಿಯ ಗಂಟೆಗೆ ಸೇರಿಸುತ್ತಿದ್ದಳು. ಅಮ್ಮ ಮಕ್ಕಳನ್ನು ಅಜ್ಜಿಯ ಶ್ರುತಿಗೆ ಏರಿಸಲು ತಿಂಗಳುಗಟ್ಟಲೆ ಹೆಣಗಿದ್ದಳು. ಹೀಗೂ ಆಗಬಹುದು ಎಂದು ಅವಳು ಎಣಿಸಿರಲಿಲ್ಲ.

"ಈಗ ಗಂಟಿ ಕೆಳಗಿಡಿ. ಹಾಡಿ."

ಕಯಲ್ ಹಾಡಿದಳು. ಉಪ್ಪು ನೇರ ಶ್ರುತಿಗೆ ಬಿತ್ತು. ಕಾಯಿ ಬಂತು, ಚಟ್ನಿ ಬಂತು. ರಾಘುವಿನ ಕೋಸು ಜಾರಿತು. ಪಲ್ಯದ ಹುಡುಗಿ ಬಾಯಿ ತೆರೆದವಳು ಮುಚ್ಚಿಕೊಂಡಳು. ಮುಂದಿದ್ದವನು ಇನ್ನೂ ಕೈ ಎತ್ತಿರಲಿಲ್ಲ. ಯಾರೂ ಅವಳಿಗೆ ಹೇಳಿಕೊಡಲಿಲ್ಲ, ಅವಳು ಕಾದಳು. ರಾಘು ಮತ್ತೆ ಹಾಡಿದ, ಮತ್ತೆ ಜಾರಿತು. ಅವನ ಹಿಂದಿನ ನಾಲ್ವರೂ ಹಾಗೆಯೇ ನಿಂತರು. ಬೇಸಿಗೆಯಲ್ಲಿ ಒಂದು ಕ್ಷಣ ಕಾಯಲಾರದೆ ಜಗಳವಾಡಿದ್ದ ಮಕ್ಕಳು ಅವರೇ. ನಾನು ನಂತರ ಅನೇಕ ಸಭೆಗಳನ್ನು ವರದಿ ಮಾಡಿದ್ದೇನೆ, ದೊಡ್ಡವರ ಯಾವ ಸಾಲೂ ತಡವರಿಸುವ ಒಬ್ಬನಿಗಾಗಿ ಅಷ್ಟು ಶಾಂತವಾಗಿ ನಿಂತದ್ದನ್ನು ಕಂಡಿಲ್ಲ. ರಾಘು ಇನ್ನೊಮ್ಮೆ ಹಾಡಿ ಹತ್ತಿರಕ್ಕೆ ಬಂದ, ಪೂರ್ತಿ ಅಲ್ಲ. ಪಲ್ಯ, ಅನ್ನ ಸರಿಯಾದವು. ತೊವ್ವೆ ತಗ್ಗಿತು. ಕೊನೆಗೆ ನಾನು. ಮೇಲಿನ ಷಡ್ಜ ನನಗೆ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು, ಗಂಟಲಿಗೆ ಸಿಗಲಿಲ್ಲ.

"ತುಪ್ಪ ಎಲೆಂದ ಹೊರ್ಗ್ ಬಿತ್ತ್," ಎಂದಳು ಅಜ್ಜಿ.

ಅವಳು ತಿದಿ ಒತ್ತುವುದನ್ನು ನಿಲ್ಲಿಸಿದಳು. ಅಮ್ಮ ಗೋಡೆ ಬಿಟ್ಟು ಮುಂದೆ ಬಂದು ಗಂಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು. ಯಾರೂ ಕೇಳದ ಪ್ರಶ್ನೆಯನ್ನು ಅಪ್ಪ ಕೇಳಿದ.

"ಎಂಟೂ ಮಕ್ಳ್ ಹಾಡ್ಕ್ ಅಂತ ನೀನೇ ಹೇಳಿದ್ದಲ್ದಾ ಅಮ್ಮ?"

ನನ್ನ ಅಮ್ಮ ಅವನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

"ಹೌದ್, ಹೇಳಿದ್ದೆ," ಎಂದಳು ಅಜ್ಜಿ. "ಐದ್ ಜನಕ್ಕೆ ಶ್ರುತಿ ಇತ್ತ್. ಮೂರ್ ಜನಕ್ಕೆ ಇಲ್ಲೆ. ಆ ಮೂರ್ ಜನ ಸೋಮವಾರ ಇಲ್ಲಿಗ್ ಬರ್ಕ್."

"ಇಲ್ಲಿಗೆ ಅಂದ್ರೆ?" ಅಮ್ಮ ಕೇಳಿದಳು. ಅವಳ ಕೈಯಲ್ಲಿ ಹಸಿರು ಗಂಟೆಯಿತ್ತು.

"ಇಲ್ಲಿಗೆ ಅಂದ್ರೆ ಹಜಾರಕ್ಕೆ ಮಾರಾಯ್ತಿ. ಮತ್ತೆಂತ, ಮಳಿಯಂಗೆ ಮೊಟ್ಟೈಮಾಡಿ ಮೇಲೆ ಕೂಕಂಬುದಾ? ನಿನ್ನ್ ಗಂಟಿ ಶನಿವಾರ ಇರ್ಲಿ. ಸೋಮವಾರ ನಂಗ್ ಬಿಡ್."

ಅಮ್ಮ "ಆಗ್ಲಿ ಅತ್ತೆ" ಎಂದಳು. ಆಮೇಲೆ ಅಡಿಗೆಮನೆಗೆ ಹೋಗಿ ಉಸಲಿಯ ಪಾತ್ರೆ ತಂದು ಸಾಲಿನ ಮೊದಲಿನಿಂದ ಬಡಿಸಿದಳು. ನಡಿಗೆ ಯಾವತ್ತಿನಂತೆಯೇ ಇತ್ತು. ಅಜ್ಜಿಯ ಎದುರು ಬಂದಾಗ ಮಾತ್ರ ಒಂದು ಸೌಟು ಹೆಚ್ಚು ಹಾಕಿದಳು. ಅಜ್ಜಿ ಸಾಕೆಂದು ಕೈ ಅಡ್ಡ ಹಿಡಿಯಲಿಲ್ಲ.

ಆ ಮೂವರಲ್ಲಿ ನಾನೊಬ್ಬಳು. ಎರಡು ವರ್ಷ ಪ್ರತಿ ಸೋಮವಾರ ರಾಘು, ತೊವ್ವೆಯ ನೇರಳೆ ಗಂಟೆಯ ಹುಡುಗ ಮತ್ತು ನಾನು ಅಜ್ಜಿಯ ಎದುರು ಕುಳಿತು ಮಾಯಾಮಾಳವಗೌಳದ ಸರಳೆ ವರಸೆ ಹಾಡಿದೆವು. ಅವರಿಬ್ಬರಿಗೂ ಶ್ರುತಿ ಹಿಡಿಯಿತು. ನನಗೆ ಕೇಳಲು ಬಂತು. ಅಜ್ಜಿ ಕೊನೆಯವರೆಗೂ ಅಮ್ಮನ ತರಗತಿಯನ್ನು ಸಂಗೀತವೆಂದು ಕರೆಯಲಿಲ್ಲ, 'ಗಂಟಿ ಕ್ಲಾಸ್' ಎಂದೇ ಹೇಳಿದಳು. ಆದರೆ ಸೇರಲು ಬಂದ ತಾಯಂದಿರೊಡನೆ ಬಾಗಿಲಲ್ಲಿ ಮಾತಾಡುತ್ತಿದ್ದವಳು ಅವಳೇ.

"ಮೊದ್ಲ್ ಅವ್ಳ ಹತ್ರ ಕಲೀಲಿ. ಕಾಂಬುಕೆ ಆಟ. ಕಿವಿ ತೆರೀತ್."

ಅಜ್ಜಿ ಈಗಿಲ್ಲ. ಅಪ್ಪ ಕೆಲಸದಿಂದ ನಿವೃತ್ತನಾಗಿದ್ದಾನೆ. ಅಮ್ಮನಿಗೆ ಅರವತ್ತೆಂಟು. ಸೋಮವಾರದ ಪಾಠವನ್ನೂ ಈಗ ಅವಳೇ ಮಾಡುತ್ತಾಳೆ. ಕಳೆದ ಶನಿವಾರ ಒಬ್ಬ ಹೊಸ ಹುಡುಗ ಸೇರಿದ. ಐದು ವರ್ಷ, ನಗರದ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಿಂದ ತಾಯಿಯ ಸ್ಕೂಟರಿನ ಹಿಂದೆ ಕುಳಿತು ಬರುತ್ತಾನೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಕಡುನೀಲಿ ಗಂಟೆ ಅವನದು. ಗಂಟೆ ಕೆಳಗಿಟ್ಟು ಹಾಡೆಂದಾಗ ಅವನ ಸ್ವರ ಜಾರಿತು. ಸೋಮವಾರವೂ ಕರೆತರಲು ಅಮ್ಮ ಅವನ ತಾಯಿಗೆ ಹೇಳಿದ್ದಾಳೆ.